ಪಕ್ಕದಲ್ಲಿ ಕುಳಿತವನು

ಶಿಗ್ಗಾವಿಯಿಂದ ಹಾನಗಲ್ಲಿಗೆ ಹೊರಟ ಬಸ್ಸು. ಬೇಸಿಗೆಯ ರಜೆಗೆಂದು ಅಜ್ಜನ ಊರಿಗೆ ಹೊರಟ ತಾಯಿ ಮತ್ತು ಮಗ. ನಡುದಾರಿಯಲ್ಲಿ ಬಿಳಿಯ ಕೋಲು ಹಿಡಿದ ತರುಣನೊಬ್ಬ ಹತ್ತಿ, ಸೀಟಿನ ಅಂಚನ್ನು ಕೈಯಿಂದ ತಡವಿ ನೋಡಿಕೊಂಡು ಎದುರಿಗೆ ಕುಳಿತುಕೊಳ್ಳುತ್ತಾನೆ. ಆರು ವರುಷದ ಹುಡುಗ ಕಣ್ಣರಳಿಸಿ ನೋಡಿ, ಬಸ್ಸಿಗೆಲ್ಲ ಕೇಳಿಸುವಂತೆ ಕೇಳುತ್ತಾನೆ: “ಅವ್ವಾ, ಆ ಅಣ್ಣಗ ಕಣ್ಣು ಕಾಣಂಗಿಲ್ಲೇನು?” ತಾಯಿಯ ಮುಖ ಕೆಂಪೇರುತ್ತದೆ. “ಸುಮ್ನ ಕುಂಡ್ರು! ಹಂಗೆಲ್ಲಾ ಕೇಳಬಾರದು” ಎಂದು ಗದರಿಸಿ, ಮಗುವಿನ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಾಳೆ. ಹಿಂದಿನ ಸೀಟಿನ ಹಿರಿಯರೊಬ್ಬರು “ಪಾಪ, ಯಾವ ಜನ್ಮದ ಕರ್ಮವೋ” ಎಂದು ನಿಟ್ಟುಸಿರು ಬಿಡುತ್ತಾರೆ.

ಇದು ಯಾವ ದಾರಿಯ ಯಾವ ಬಸ್ಸಿನಲ್ಲಾದರೂ ಕಾಣಸಿಗುವ ನೋಟ. ತಾಯಿ ಕೆಟ್ಟವಳಲ್ಲ, ಪರರ ಮನಸ್ಸು ನೋಯಬಾರದೆಂಬ ಸದ್ಭಾವನೆಯಿಂದಲೇ ಆಕೆ ಮಗನ ಬಾಯಿ ಮುಚ್ಚಿಸಿದಳು. ಹಿರಿಯರೂ ಕೆಟ್ಟವರಲ್ಲ, ಅವರದು ಕನಿಕರ. ಆದರೆ ಆ ಎರಡು ನಿಮಿಷಗಳಲ್ಲಿ ಮಗು ಕಲಿತದ್ದೇನು? ಕಣ್ಣಿಲ್ಲದಿರುವುದು ಬಾಯಿ ಬಿಟ್ಟು ಆಡಬಾರದಂಥ ನಾಚಿಕೆಯ ಸಂಗತಿ. ಅಂಥವರನ್ನು ಕಂಡರೆ ಮುಖ ತಿರುಗಿಸಬೇಕು. ಅವರು ಏನೋ ತಪ್ಪು ಮಾಡಿ ಹೀಗಾಗಿದ್ದಾರೆ. ಯಾವ ಶಾಲೆಯ ಯಾವ ಪುಸ್ತಕದಲ್ಲಿಯೂ ಇಲ್ಲದ ಈ ಮೂರು ಪಾಠಗಳನ್ನು ಮಗು ಒಂದೇ ಪ್ರಯಾಣದಲ್ಲಿ ಬಾಯಿಪಾಠ ಮಾಡಿಕೊಂಡಿತು. ಜೂನ್ ತಿಂಗಳಲ್ಲಿ ತರಗತಿಗೆ ಕಾಲೆಳೆದು ನಡೆಯುವ ಹುಡುಗನೊಬ್ಬ ಸೇರಿದಾಗ, ಅವನ ಪಕ್ಕದ ಜಾಗವನ್ನು ಈ ಮಗು ಖಾಲಿ ಬಿಟ್ಟರೆ ಅದು ಯಾರ ತಪ್ಪು?

ಮಕ್ಕಳು ಸ್ವಭಾವತಃ ಕ್ರೂರರೆಂದು ಕೆಲವರು ಹೇಳುವುದುಂಟು. ಆದರೆ ಮಕ್ಕಳ ಆಟಗಳನ್ನೇ ಒಮ್ಮೆ ನೋಡಬೇಕು. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿಸಿಕೊಳ್ಳಲು ಯಾರೂ ನಾಚುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವನು ಕಾಲಸಪ್ಪಳದಿಂದ, ನಗೆಯಿಂದ, ಕೈಬಳೆಯ ಸದ್ದಿನಿಂದ ಗೆಳೆಯರನ್ನು ಗುರುತಿಸುತ್ತಾನೆ. ಗುರುತಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕುಂಟಾಬಿಲ್ಲೆಯಲ್ಲಿ ಎರಡು ಕಾಲಿದ್ದವರೆಲ್ಲ ಒಂದೇ ಕಾಲಿನ ಮೇಲೆ ನಿಲ್ಲುತ್ತಾರೆ. ಮೂಕಾಭಿನಯದಲ್ಲಿ ಬಾಯಿ ಇದ್ದವರೆಲ್ಲ ಕೈಸನ್ನೆಯಿಂದಲೇ ಮಾತನಾಡುತ್ತಾರೆ. ಇಲ್ಲಿ ಯಾರೂ ಯಾರಿಗೂ ‘ಪಾಪ’ ಎನ್ನುವುದಿಲ್ಲ. ಒಂದು ಇಂದ್ರಿಯ ಕೆಲಸ ಮಾಡದಿದ್ದರೆ ಮತ್ತೊಂದರಿಂದ ಆಟ ಸಾಗಿಸಬಹುದು ಎಂಬುದು ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ತಿಳಿದಿರುವ ಸತ್ಯ. ಅದನ್ನು ಮರೆಸುವವರು ದೊಡ್ಡವರು.

ಆ ಬಸ್ಸು ಹೋಗುತ್ತಿದ್ದುದು ಹಾನಗಲ್ಲಿಗೆ. ಈ ವಿಷಯದಲ್ಲಿ ಹಾನಗಲ್ಲ ಸೀಮೆ ನಾಡಿಗೇ ಪಾಠ ಹೇಳಬಲ್ಲದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅವನ ಅಣ್ಣನದೂ ಅದೇ ಸ್ಥಿತಿ. ಬಡ ಕುಟುಂಬ, ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳು. ಆ ಕಾಲದ ಹಳ್ಳಿಯಲ್ಲಿ ಇಂಥ ಮಕ್ಕಳ ಮುಂದಿನ ಬಾಳು ಏನಾಗುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ, ಇದ್ದ ಕಂಠವನ್ನು ಕೇಳಿದರು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಹಿರಿಯರು ಹುಡುಗನಿಗೆ ಭಿಕ್ಷೆ ನೀಡಿ ಕಳುಹಿಸಿದ್ದರೆ ಅದೂ ಪುಣ್ಯಕಾರ್ಯವೆನಿಸುತ್ತಿತ್ತು. ಅವರು ಹಾಗೆ ಮಾಡದೆ, ಸಂಗೀತ ಕಲಿಯುವ ಏರ್ಪಾಡು ಮಾಡಿಕೊಟ್ಟರು. ಗದಿಗೆಯ್ಯ ಕರ್ನಾಟಕ ಸಂಗೀತ ಕಲಿತ, ಹಿಂದುಸ್ತಾನಿಯನ್ನೂ ಕಲಿತ. ಎರಡರಲ್ಲಿಯೂ ಪಾರಂಗತನಾಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತನಾದ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಪ್ರತಿಭಾವಂತನೊಬ್ಬನ ಜೀವನಚರಿತ್ರೆ ಮಾತ್ರ ಆಗುತ್ತಿತ್ತು. ಮುಂದಿನದೇ ಮುಖ್ಯವಾದ ಸಂಗತಿ. ತಮಗೆ ದೊರೆತ ಅವಕಾಶವನ್ನು ಗವಾಯಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಆಶ್ರಮದ ಬಾಗಿಲು ಅಂಧ ಮಕ್ಕಳಿಗೆ ತೆರೆಯಿತು, ಬಡ ಮಕ್ಕಳಿಗೆ ತೆರೆಯಿತು, ಕಣ್ಣಿದ್ದ ಮಕ್ಕಳಿಗೂ ತೆರೆಯಿತು. ಜಾತಿ ಕೇಳಿ ಮಣೆ ಹಾಕುವ ಪದ್ಧತಿ ಅಲ್ಲಿರಲಿಲ್ಲ. ಅನ್ನ, ವಸತಿ, ವಿದ್ಯೆ ಮೂರೂ ಉಚಿತ.

ಅಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರೆಂಬುದನ್ನು ಗಮನಿಸಬೇಕು. ಮುಂದೆ ದೇಶದ ದೊಡ್ಡ ಗಾಯಕರಲ್ಲಿ ಒಬ್ಬರೆನಿಸಿದ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರಿಗೆ ದೃಷ್ಟಿ ಇದ್ದಿತು, ಗುರುವಿಗೆ ಇರಲಿಲ್ಲ. ಪಂಡಿತ ವೆಂಕಟೇಶಕುಮಾರರು 1968ರಲ್ಲಿ ಬಾಲಕರಾಗಿ ಆಶ್ರಮ ಸೇರಿ ಹನ್ನೆರಡು ವರ್ಷ ಅಲ್ಲಿಯೇ ಇದ್ದು ಕಲಿತರು; ಅವರಿಗೂ ದೃಷ್ಟಿ ಇದೆ, ಅವರ ಗುರು ಪುಟ್ಟರಾಜ ಗವಾಯಿಗಳಿಗೆ ಇರಲಿಲ್ಲ. ಓಣಿಯಲ್ಲಿ ನಡೆಯುವಾಗ ಕಣ್ಣಿದ್ದವನ ಹೆಗಲು ಕಣ್ಣಿಲ್ಲದವನಿಗೆ ಬೇಕು. ತಂಬೂರಿಯ ಮುಂದೆ ಕುಳಿತಾಗ ಸ್ವರ ಜಾರಿದ್ದನ್ನು ಮೊದಲು ಗುರುತಿಸುವವನು ಕಣ್ಣಿಲ್ಲದವನೇ ಆಗಿರಬಹುದು. ಒಮ್ಮೆ ಇವನು ದಾರಿ ತೋರಿಸಿದರೆ, ಮತ್ತೊಮ್ಮೆ ಅವನು. ಹೀಗೆ ಕೊಡುವುದು ಕೊಳ್ಳುವುದು ಎರಡೂ ಇರುವಲ್ಲಿ ಕನಿಕರಕ್ಕೆ ಎಡೆಯಿಲ್ಲ, ಸ್ನೇಹಕ್ಕೆ ಮಾತ್ರ ಎಡೆ. ‘ವೈಕಲ್ಯವುಳ್ಳವರನ್ನು ಪ್ರೀತಿಸಿರಿ’ ಎಂಬ ಉಪದೇಶ ಮಾಡಲಾರದ್ದನ್ನು, ಒಂದೇ ಚಾಪೆಯ ಮೇಲೆ ಕುಳಿತು ಮಾಡಿದ ಒಂದೇ ಅಭ್ಯಾಸ ಮಾಡಬಲ್ಲದು.

ಪುಟ್ಟರಾಜ ಗವಾಯಿಗಳ ಬಾಲ್ಯದಲ್ಲಿಯೂ ತಂದೆತಾಯಿಗಳು ನೆನಪಿಡಬೇಕಾದ ಒಂದು ಪ್ರಸಂಗವಿದೆ. ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟಯ್ಯ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ. ಸೋದರಮಾವನ ಹಾರ್ಮೋನಿಯಂ ಮೇಲೆ ಆ ಮಗು ಬೆರಳಾಡಿಸುತ್ತಿತ್ತು. ಎಷ್ಟು ಮನೆಗಳಲ್ಲಿ “ಅದನ್ನ ಮುಟ್ಟಬ್ಯಾಡ, ಕೆಡಿಸಿಬಿಟ್ಟೀ” ಎಂಬ ಗದರಿಕೆ ಬರುತ್ತಿತ್ತೋ! ಆ ಸೋದರಮಾವ ಗದರಲಿಲ್ಲ. ಮಗುವನ್ನು ಕೈಹಿಡಿದು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಆ ಮಗು ಮುಂದೆ ಅನೇಕ ವಾದ್ಯಗಳನ್ನು ನುಡಿಸಿತು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿತು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿತು. 1944ರಲ್ಲಿ ಗುರು ತೀರಿಕೊಂಡ ಮೇಲೆ ಪುಟ್ಟರಾಜರೇ ಆಶ್ರಮದ ಹೊಣೆ ಹೊತ್ತು, 2010ರ ಸೆಪ್ಟೆಂಬರ್ 17ರಂದು ಕಣ್ಮುಚ್ಚುವವರೆಗೆ ಅರವತ್ತಾರು ವರ್ಷ ಅದನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿದ್ದಿತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಗವಾಯಿಗಳ ಕಥೆಯನ್ನು ಮಕ್ಕಳಿಗೆ ಹೇಳುವಾಗ, ‘ನೋಡು, ಕಣ್ಣಿಲ್ಲದಿದ್ದರೂ ಎಷ್ಟು ದೊಡ್ಡವರಾದರು!’ ಎಂಬಲ್ಲಿಗೇ ಅನೇಕರು ನಿಲ್ಲಿಸಿಬಿಡುತ್ತಾರೆ. ಮಗು ಇದರಿಂದ ತಪ್ಪು ಲೆಕ್ಕ ಕಲಿಯುತ್ತದೆ: ಕಣ್ಣಿಲ್ಲದವನು ಗಾನಯೋಗಿಯಾದರೆ ಮಾತ್ರ ಗೌರವಕ್ಕೆ ಪಾತ್ರ, ಸಾಮಾನ್ಯನಾಗಿ ಉಳಿದರೆ ಕನಿಕರಕ್ಕೆ ಮಾತ್ರ ಪಾತ್ರ. ಕಣ್ಣಿದ್ದ ಮಕ್ಕಳೆಲ್ಲ ಭೀಮಸೇನ ಜೋಶಿಯವರಾಗಲಿ ಎಂದು ಯಾರೂ ಷರತ್ತು ಹಾಕುವುದಿಲ್ಲವಷ್ಟೆ? ತರಗತಿಯಲ್ಲಿ ಸರಾಸರಿ ಅಂಕ ಪಡೆಯುವ, ಹಾಡಲು ಬಾರದ, ಒಮ್ಮೊಮ್ಮೆ ಜಗಳವಾಡುವ, ಹೋಮ್‌ವರ್ಕ್ ತಪ್ಪಿಸುವ ಅಂಧ ಹುಡುಗನಿಗೂ ಪಕ್ಕದ ಜಾಗದಲ್ಲಿ ಒಬ್ಬ ಗೆಳೆಯ ಬೇಕು. ಆತನ ಹಕ್ಕು ಅವನ ಪ್ರತಿಭೆಯಿಂದ ಬಂದದ್ದಲ್ಲ, ಅವನು ಮಗುವಾಗಿರುವುದರಿಂದ ಬಂದದ್ದು.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1995ರ ಅಧಿನಿಯಮ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿದ್ದಿತು. ಅದರ ಸ್ಥಾನದಲ್ಲಿ ಬಂದು, 2017ರ ಏಪ್ರಿಲ್‌ನಲ್ಲಿ ಜಾರಿಯಾದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಇಪ್ಪತ್ತೊಂದನ್ನು ಗುರುತಿಸುತ್ತದೆ. ಕಣ್ಣು, ಕಿವಿ, ಕೈಕಾಲುಗಳ ತೊಂದರೆಗಳಷ್ಟೇ ಅಲ್ಲ; ಆಟಿಸಂ, ಓದು-ಬರಹ-ಲೆಕ್ಕಗಳಲ್ಲಿನ ಕಲಿಕೆಯ ತೊಡಕು, ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳೂ ಆ ಪಟ್ಟಿಯಲ್ಲಿವೆ. ಅಂದರೆ ಕಣ್ಣಿಗೆ ಕಾಣದ ವೈಕಲ್ಯಗಳೂ ಇವೆ. ಸರಕಾರದ ನೆರವು ಅಥವಾ ಮನ್ನಣೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪಾಠದಲ್ಲಿಯೂ ಆಟದಲ್ಲಿಯೂ ಇತರರೊಡನೆ ಸಮಾನ ಅವಕಾಶ ನೀಡಬೇಕು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗು 6ರಿಂದ 18 ವರುಷದವರೆಗೆ ನೆರೆಯ ಶಾಲೆಯಲ್ಲಿಯಾಗಲಿ ತನಗೆ ಬೇಕಾದ ವಿಶೇಷ ಶಾಲೆಯಲ್ಲಿಯಾಗಲಿ ಉಚಿತವಾಗಿ ಕಲಿಯಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವೈಕಲ್ಯವುಳ್ಳವರ ಸಂಖ್ಯೆ 13 ಲಕ್ಷಕ್ಕೂ ಮಿಕ್ಕಿದ್ದಿತು. ಅದೂ ಹಳೆಯ, ಚಿಕ್ಕ ಪಟ್ಟಿಯ ಕಾಲದ ಎಣಿಕೆ. ಇದು ಯಾರದೋ ಮನೆಯ ಮಾತಲ್ಲ, ಪ್ರತಿಯೊಂದು ಓಣಿಯ ಮಾತು.

ಆದರೆ ಕಾನೂನು ಮಗುವನ್ನು ತರಗತಿಯ ಬಾಗಿಲವರೆಗೆ ಮಾತ್ರ ತಂದು ಬಿಡಬಲ್ಲದು. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಡಬೇಕಾದವನು ಇನ್ನೊಂದು ಮಗು. ಆ ಮಗುವಿನ ಹಿಂದೆ ಒಂದು ಮನೆಯಿದೆ. ನಗರದ ಸುಶಿಕ್ಷಿತ ಕುಟುಂಬಗಳೂ ಇಲ್ಲಿ ಎಡವುತ್ತವೆ. “ಅಂಥ ಹುಡುಗ ತರಗತಿಯಲ್ಲಿದ್ದರೆ ನಮ್ಮ ಮಗನ ಓದು ಹಿಂದೆ ಬೀಳುವುದಿಲ್ಲವೆ? ಅವನನ್ನು ಬೇರೆ ಬೆಂಚಿಗೆ ಕೂಡಿಸಿರಿ” ಎಂದು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುವ ಪೋಷಕರು ಇಲ್ಲವೆ? ಈ ಭಯಕ್ಕೆ ಉತ್ತರ ತರಗತಿಯಲ್ಲಿಯೇ ಇದೆ. ಅಂಧ ಬಾಲಕನಿದ್ದಾನೆಂದು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳಿದರೆ, ಹಿಂದಿನ ಬೆಂಚಿನವರಿಗೂ ಪಾಠ ತಿಳಿಯುತ್ತದೆ. ಕಿವಿ ಮಂದವಾದ ಬಾಲಕಿಗಾಗಿ ಹಲಗೆಗೆ ಮುಖಮಾಡಿ ಗೊಣಗುವುದನ್ನು ಬಿಟ್ಟು ಮಕ್ಕಳ ಕಡೆ ತಿರುಗಿ ನಿಧಾನವಾಗಿ ಮಾತನಾಡಿದರೆ, ಇಡೀ ತರಗತಿಗೆ ಲಾಭ. ಗೆಳೆಯನಿಗೆ ಲೆಕ್ಕ ಬಿಡಿಸಿ ಹೇಳುವ ಹುಡುಗನಿಗೆ ಆ ಲೆಕ್ಕ ಎಂದಿಗೂ ಮರೆಯುವುದಿಲ್ಲ.

ಮನೆಯೊಳಗಿನ ಪಾಠ ಇನ್ನೂ ಸೂಕ್ಷ್ಮವಾದದ್ದು. ಅಂಗದ ಊನವನ್ನೇ ಹೆಸರಿಗೆ ಅಂಟಿಸಿ ಕರೆಯುವುದು ಹಳ್ಳಿ-ಪಟ್ಟಣಗಳೆರಡರಲ್ಲಿಯೂ ರೂಢಿಯಾಗಿದೆ. “ಆ ಕುಂಟ ಅಂಗಡಿಯವನ ಹತ್ತಿರ ಹೋಗಿ ಸಕ್ಕರೆ ತಾ” ಎಂದು ತಂದೆ ಹೇಳಿದ ಮೇಲೆ, ಮಗ ಶಾಲೆಯಲ್ಲಿ ಅದೇ ಪದವನ್ನು ಬಳಸಿದನೆಂದು ಹೊಡೆಯುವುದರಲ್ಲಿ ನ್ಯಾಯವೆಲ್ಲಿದೆ? ನೂಲಿನಂತೆ ಸೀರೆ. ಅಂಗಡಿಯವನಿಗೊಂದು ಹೆಸರಿದೆ, ಮನೆಯಲ್ಲಿ ಆ ಹೆಸರು ಕೇಳಿಬಂದರೆ ಮಗುವಿನ ಬಾಯಲ್ಲಿಯೂ ಅದೇ ಬರುತ್ತದೆ. ಇನ್ನು ಕೆಲವು ಮನೆಗಳಲ್ಲಿ, ಹುಡುಗಿ ನೋಡಲು ಬೀಗರಾಗುವವರು ಬರುತ್ತಾರೆಂದರೆ, ಬುದ್ಧಿ ಬೆಳವಣಿಗೆ ಕಡಿಮೆಯಿರುವ ತಮ್ಮನನ್ನು ಒಳಕೋಣೆಗೆ ಕಳುಹಿಸಿ ಬಾಗಿಲು ಮುಂದೆ ಮಾಡುತ್ತಾರೆ. ಅವರ ಚಿಂತೆ ಅರ್ಥವಾಗದ್ದಲ್ಲ. ಆದರೆ ಆ ಬಾಗಿಲಿನ ಸದ್ದನ್ನು ಮನೆಯ ಉಳಿದ ಮಕ್ಕಳೆಲ್ಲ ಕೇಳುತ್ತಾರೆ, ಒಳಗಿದ್ದವನೂ ಕೇಳುತ್ತಾನೆ. ಸ್ವಂತ ರಕ್ತವನ್ನು ಮರೆಮಾಡಿದ ಮನೆಯಲ್ಲಿ ಬೆಳೆದ ಮಗು, ಪರರ ಮಗುವಿಗೆ ಪಕ್ಕದಲ್ಲಿ ಜಾಗ ಕೊಡುವುದೆಂತು?

ಭಿನ್ನನಾದವನನ್ನು ಹತ್ತಿರ ಕೂರಿಸಿಕೊಳ್ಳುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರನ್ನು ಕಳಸದ ಗೋವಿಂದ ಭಟ್ಟರು ಶಿಷ್ಯನಾಗಿ ಸ್ವೀಕರಿಸಿದಾಗ, ಎರಡೂ ಕಡೆಯ ಜನ ಹುಬ್ಬೇರಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಗುರು ಹುಬ್ಬುಗಳನ್ನು ಎಣಿಸುತ್ತ ಕೂರಲಿಲ್ಲ. ಶಿಷ್ಯನಿಗೆ ಪಾಠ ಹೇಳಿದರು. ಇಂದು ಷರೀಫರ ಗದ್ದುಗೆಗೆ ಎರಡೂ ಮತದವರು ಕಾಯಿ-ಸಕ್ಕರೆ ಹಿಡಿದು ಬರುತ್ತಾರೆ. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಅಬಲೂರು ಇರುವುದು ಹಿರೇಕೆರೂರ ತಾಲೂಕಿನಲ್ಲಿ. ಅವನ ತ್ರಿಪದಿಗಳನ್ನು ಮಕ್ಕಳು ಸ್ಪರ್ಧೆಗೆಂದು ಬಾಯಿಪಾಠ ಮಾಡುತ್ತಾರೆ. ಸವಣೂರಿನಲ್ಲಿ ಆಫ್ರಿಕದ ನೆಲದಿಂದ ಬಂದ ದೊಡ್ಡಹುಣಸೆ ಮರಗಳು ಶತಮಾನಗಳಿಂದ ಬೇರು ಬಿಟ್ಟು ನಿಂತಿವೆ. ಬೇರೆ ಮರಗಳಂತಿಲ್ಲವೆಂದು ಅವನ್ನು ಯಾರೂ ಕಡಿಯಲಿಲ್ಲ, ಊರಿನವರು ಹೆಮ್ಮೆಯಿಂದ ಕರೆದೊಯ್ದು ತೋರಿಸುತ್ತಾರೆ. ಮರಕ್ಕೆ ದೊರೆತ ಮರ್ಯಾದೆ ಮಗುವಿಗೆ ದೊರೆಯಬಾರದೆ?

ಹಾಗಾದರೆ ತಾಯಿತಂದೆಗಳು ಮಾಡಬೇಕಾದುದೇನು? ದೊಡ್ಡ ಭಾಷಣವೇನೂ ಬೇಡ. ಮಗು ಕೇಳಿದ ಪ್ರಶ್ನೆಗೆ ಸರಳವಾಗಿ, ನಿಜವಾಗಿ ಉತ್ತರ ಕೊಡುವುದು ಮೊದಲನೆಯದು. ಸಹಾಯ ಮಾಡುವ ಮೊದಲು ‘ಬೇಕೆ?’ ಎಂದು ಕೇಳುವುದನ್ನು ಕಲಿಸುವುದು ಎರಡನೆಯದು. ಕೇಳದೆ ಕೈಹಿಡಿದು ಎಳೆದೊಯ್ಯುವ ಉಪಕಾರ ಅಪಮಾನವೂ ಆಗಬಲ್ಲದು. ಅಂಥ ಮಗುವನ್ನು ಹುಟ್ಟುಹಬ್ಬಕ್ಕೆ ಮನೆಗೆ ಕರೆಯುವುದು, ತಮ್ಮ ಮಗುವನ್ನು ಅದರ ಮನೆಗೆ ಕಳುಹಿಸುವುದು ಮೂರನೆಯದು. ಆಟದ ನಿಯಮವನ್ನು ಸ್ವಲ್ಪ ಬದಲಿಸುವುದು ನಾಲ್ಕನೆಯದು. ಓಡಲಾರದ ಹುಡುಗ ಬ್ಯಾಟು ಬೀಸಲಿ, ಅವನ ಪರವಾಗಿ ಮತ್ತೊಬ್ಬ ಓಡಲಿ. ಆದರೆ ಔಟಾದರೆ ಔಟೇ. ಕನಿಕರದಿಂದ ಔಟು ಕೊಡದೆ ಬಿಟ್ಟರೆ ಅವನು ಆಟಗಾರನಾಗುವುದಿಲ್ಲ, ಅತಿಥಿಯಾಗುತ್ತಾನೆ. ಮಕ್ಕಳಿಗೆ ಅತಿಥಿ ಬೇಕಿಲ್ಲ, ಜೊತೆಗಾರ ಬೇಕು. ಕೊನೆಯದಾಗಿ, ಅವನಿಂದ ಏನನ್ನಾದರೂ ಕೇಳಿ ಪಡೆಯುವುದನ್ನು ಕಲಿಸಬೇಕು: ಒಂದು ಕಥೆ, ಒಂದು ಲೆಕ್ಕ, ಕೈಸನ್ನೆಯ ನಾಲ್ಕು ಮಾತು. ಯಾರಿಂದ ಏನನ್ನೂ ಪಡೆಯುವುದಿಲ್ಲವೋ ಅವರನ್ನು ಸಮಾನರೆಂದು ಮನಸ್ಸು ಒಪ್ಪುವುದಿಲ್ಲ.

ಬಸ್ಸಿನ ಆ ತಾಯಿಗೆ ಅವಕಾಶ ತಪ್ಪಿಹೋಯಿತೆಂದು ತಿಳಿಯಬೇಕಾಗಿಲ್ಲ. ಗದರಿಸಿದ ಮಾತ್ರಕ್ಕೆ ಮಕ್ಕಳ ಪ್ರಶ್ನೆ ಸಾಯುವುದಿಲ್ಲ. ರಾತ್ರಿ ಅಜ್ಜನ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿ ಮಲಗಿದಾಗ ಮಗ ಮತ್ತೆ ಕೇಳಿಯೇ ಕೇಳುತ್ತಾನೆ: “ಅವ್ವಾ, ಆ ಅಣ್ಣ ತನ್ನ ಊರು ಬಂತಂತ ಹೆಂಗ ಗುರುತು ಹಿಡೀತಾನ?” ಆಗ ಆಕೆ ದೀಪ ಆರಿಸಿ, “ನೀನೂ ಕಣ್ಣು ಮುಚ್ಕೋ. ಈಗ ಏನೇನು ಕೇಳಸ್ತದ ಹೇಳು ನೋಡೂಣು” ಎಂದರೆ ಸಾಕು. ಹಿತ್ತಿಲಲ್ಲಿ ಎಮ್ಮೆಯ ಕೊರಳ ಗಂಟೆ, ಅಜ್ಜನ ಕೆಮ್ಮು, ದೂರದ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವ ಲಾರಿ. ಮಗು ಒಂದೊಂದಾಗಿ ಹೇಳತೊಡಗುತ್ತದೆ. “ನಾಳೆ ಮತ್ತ ಬಸ್ಸಿನಾಗ ಸಿಕ್ಕರ ನೀನ ಕೇಳು ಅವಗ, ‘ಅಣ್ಣಾ, ನಿಮ್ಮ ಹೆಸರೇನ್ರಿ’ ಅಂತ ಮೊದಲ ಕೇಳಬೇಕು ನೋಡು” ಎಂದು ತಾಯಿ ಹೇಳಿದರೆ, ಬೆಳಿಗ್ಗೆ ಕಲಿತ ಮೂರು ತಪ್ಪು ಪಾಠಗಳೂ ಅಳಿಸಿಹೋಗಿ, ಜೂನ್ ತಿಂಗಳ ಆ ಬೆಂಚಿನ ಮೇಲೆ ಒಂದು ಜಾಗ ಈಗಲೇ ಸಿದ್ಧವಾಗುತ್ತದೆ.